ಹಳದಿ ಕೈಗಳ ಮಳೆಗಾಲ

ಹೋದ ವಾರ ಇಂದಿರಾನಗರದಲ್ಲಿ ಹಲ್ಲಿನ ಡಾಕ್ಟರ ಕುರ್ಚಿಯ ಮೇಲೆ ಬಾಯಿ ತೆರೆದುಕೊಂಡು ಮಲಗಿದ್ದೆ. ದವಡೆಗೆ ಸೂಜಿ ಚುಚ್ಚಿ ಆಗಿತ್ತು, ಎಡಗಡೆಯ ತುಟಿ ಬೇರೆ ಯಾರದೋ ಅನ್ನಿಸುತ್ತಿತ್ತು. ಡಾಕ್ಟರು ನನ್ನ ವಿದ್ಯಾರ್ಥಿನಿಯರಿಗಿಂತ ನಾಲ್ಕು ವರ್ಷ ದೊಡ್ಡವಳಿರಬಹುದಾದ ಹುಡುಗಿ. ಹುಳುಕನ್ನೆಲ್ಲ ಕೊರೆದು ತೆಗೆದು, ಗುಳಿಯೊಳಗೆ ಅಂಟಿನಂಥದ್ದೇನನ್ನೋ ತುಂಬಿ, ಪೆನ್ನಿನಂಥ ದೀಪವೊಂದನ್ನು ಬಾಯೊಳಗೆ ಹಿಡಿದಳು. ಬ್ಲೂ ಲೈಟ್ ಆಂಟಿ, ಇಪ್ಪತ್ತು ಸೆಕೆಂಡ್ ಅಷ್ಟೆ, ಕಲ್ಲಿನ ಥರ ಆಗ್ಬಿಡತ್ತೆ ಎಂದಳು. ನನಗೆ ಗೊತ್ತಮ್ಮ ಎನ್ನೋಣವೆಂದರೆ ಬಾಯಿ ನನ್ನ ವಶದಲ್ಲಿರಲಿಲ್ಲ. ಅಷ್ಟರಲ್ಲಿ ಆ ವಾಸನೆ ಬಂತು. ಸಿಹಿ, ಮೇಲೊಂದಿಷ್ಟು ಘಾಟು, ಹೊಸ ಪ್ಲಾಸ್ಟಿಕ್ಕಿಗೂ ಕೊಳೆಯುತ್ತಿರುವ ಅನಾನಸಿಗೂ ನಡುವಿನದು. ನನ್ನ ಮುಖದಲ್ಲಿ ಆ ಹೊತ್ತು ಎಚ್ಚರವಾಗಿದ್ದದ್ದು ಮೂಗೊಂದೇ. ಅದು ನನ್ನನ್ನು ನೆಟ್ಟಗೆ ಕುಕ್ ಟೌನಿನ ಬಂಗಲೆಗೆ, ನಾಗರಾಜು ತೀರಿಕೊಂಡ ವರ್ಷದ ಮಳೆಗಾಲಕ್ಕೆ ಕರೆದುಕೊಂಡು ಹೋಯಿತು.

ನಾಗರಾಜು ನನ್ನ ಗಂಡ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಮಾಘ ಮಾಸದ ಒಂದು ಬೆಳಿಗ್ಗೆ ಕೆ.ಆರ್. ಪುರದ ಕಡೆಯ ಕಾರ್ಖಾನೆಗೆ ಹೊರಟವರಿಗೆ ಹಳೇ ಮದ್ರಾಸ್ ರಸ್ತೆಯಲ್ಲಿ ಲಾರಿ ತಗುಲಿತು. ಇದನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುವುದು ನನಗೆ ಆಗಲೇ ರೂಢಿಯಾಯಿತು. ಕೇಳಿದವರೂ ಎರಡನೆಯ ವಾಕ್ಯಕ್ಕೆ ಕಾಯುವುದಿಲ್ಲ. ನಾನು ಅಳಲಿಲ್ಲ. ಧೈರ್ಯ ಅಂತ ಕೆಲವರು, ಕಲ್ಲೆದೆ ಅಂತ ಉಳಿದವರು. ಎರಡೂ ಅಲ್ಲ. ಏನೂ ಆಗುತ್ತಿರಲಿಲ್ಲ, ಅಷ್ಟೆ. ಹೊತ್ತಿಗೆ ಸರಿಯಾಗಿ ಹಸಿವಾಗುತ್ತಿತ್ತು, ನಿದ್ದೆ ಬರುತ್ತಿತ್ತು. ಸಾವಿನ ಮನೆಗೆ ಬಂದ ನೆಂಟರು ನನ್ನ ತಟ್ಟೆಯನ್ನು ನೋಡುವುದು ಕಾಣುತ್ತಿತ್ತು. ತವರು ಹಲಸೂರಿನಲ್ಲೇ ಇತ್ತು, ಬಂದುಬಿಡು ಎಂದು ಅಣ್ಣ ಕರೆದ. ಹೊರಟು ಹೋಗುವುದಕ್ಕೂ ಒಂದು ಸಂಕಟ ಬೇಕಲ್ಲ, ಅದೂ ನನ್ನಲ್ಲಿರಲಿಲ್ಲ. ಹಾಗಾಗಿ ಇದ್ದಲ್ಲೇ ಇದ್ದೆ.

ಇದ್ದದ್ದು ಕೋಡಿಹಳ್ಳಿಯಲ್ಲಿ, ಅತ್ತೆಯ ಜೊತೆ. ಅತ್ತೆ ಜಯಮ್ಮನವರ ಮನೆತನದವರು ಅಲ್ಲಿನ ಹಳಬರು. ಅವರ ಮಾವನ ಕಾಲದಲ್ಲಿ ರಾಗಿ, ಅವರೆ, ಸೊಪ್ಪು ಬೆಳೆಯುತ್ತಿದ್ದ ನೆಲದ ಮೇಲೆ ಜೀವನ್ ಬಿಮಾ ನಗರದ ಕಡೆಯ ಮನೆಗಳು ಎದ್ದಿದ್ದವು. ಉಳಿದ ತುಂಡು ಜಾಗದಲ್ಲಿ ಅತ್ತೆ ಸಾಲುಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದರು. ಅವರ ಗಂಡ, ಅಂದರೆ ನನ್ನ ಮಾವ, ನಾಗರಾಜು ಶಾಲೆಯಲ್ಲಿದ್ದಾಗಲೇ ಹೋದವರು. ಅಲ್ಲಿಂದ ಮುಂದೆ ಮಗ, ಮಗಳು, ಬಾಡಿಗೆ, ಮೋರಿ, ನಲ್ಲಿ ಎಲ್ಲವನ್ನೂ ಅತ್ತೆಯೇ ನೋಡಿಕೊಂಡಿದ್ದರು. ಮಗಳು ಮಂಜುಳ ನನಗಿಂತ ಮೂರು ವರ್ಷ ಚಿಕ್ಕವಳು.

ಹನ್ನೊಂದನೆಯ ದಿನ ಬಳೆ ಒಡೆದರು, ಹಣೆ ಒರೆಸಿದರು. ಮಾರನೆಯ ದಿನದಿಂದ ಅತ್ತೆ ನನಗೆ ವಿಧವೆಯಾಗುವುದನ್ನು ಕಲಿಸತೊಡಗಿದರು. ತಿರಸ್ಕಾರದಿಂದಲ್ಲ, ಹೊಸ ಊರಿಗೆ ಬಂದವರಿಗೆ ಬಸ್ಸಿನ ನಂಬರು ಹೇಳಿಕೊಡುವ ಹಾಗೆ. ಯಾರಾದರೂ ಹೊರಟಾಗ ಎದುರು ಬರಬೇಡ. ಅರಿಶಿನ ಕುಂಕುಮ ಕೊಡುವ ಕಡೆ ನಿಲ್ಲಬೇಡ, ಕೊಡದೆ ಹೋದರೆ ಅವರಿಗೂ ನಿನಗೂ ಮುಜುಗರ. ಶುಭಕಾರ್ಯವಿದ್ದರೆ ಹಿತ್ತಿಲಲ್ಲಿ ಕೆಲಸ ಹುಡುಕಿಕೋ, ಕೆಲಸದಲ್ಲಿರುವವಳನ್ನು ಯಾರೂ ಏನೂ ಅನ್ನುವುದಿಲ್ಲ. "ನಂಗೆ ಯಾರೂ ಹೇಳ್ಕೊಡ್ಲಿಲ್ಲ. ಬೈಸ್ಕೊಂಡು ಬೈಸ್ಕೊಂಡು ಕಲ್ತೆ," ಎಂದರು. ಅವರ ಮಟ್ಟಿಗೆ ಅದು ಪ್ರೀತಿಯೇ ಎಂದು ಈಗ ಗೊತ್ತಾಗುತ್ತದೆ. ಆಗ ಹೂಂ ಅಂದೆ.

ತಿಂಗಳು ಕಳೆದ ಮೇಲೆ ಮತ್ತೆ ಕೆಲಸಕ್ಕೆ ಹೋದೆ. ಕುಕ್ ಟೌನಿನಲ್ಲಿ ಹಳೆಯ ಬಂಗಲೆಯೊಂದರ ಹಿಂಭಾಗವನ್ನು ಬಾಡಿಗೆಗೆ ಪಡೆದು ನಡೆಸುತ್ತಿದ್ದ ಸಣ್ಣ ಪ್ರಯೋಗಾಲಯ ಅದು. ಒಡೆಯರು ಫಿಲಿಪ್ ಸರ್, ಬಣ್ಣದ ಕಂಪನಿಯಲ್ಲಿ ದುಡಿದು ನಿವೃತ್ತರಾದವರು. ಅವರ ಕೈಕೆಳಗೆ ಇಬ್ಬರು ಎಂ.ಎಸ್ಸಿ.ಗಳು, ನಾನು ಮತ್ತು ಶಿವಾಜಿನಗರದ ನಸ್ರೀನ್. ಗೇಟು ದಾಟುವಾಗ ನನಗೆ ಹೆದರಿಕೆಯಿದ್ದದ್ದು ಒಂದಕ್ಕೇ, ಇವರೂ ಮುಖ ಸಣ್ಣದು ಮಾಡಿಕೊಂಡು ಕೈ ಹಿಡಿಯುತ್ತಾರೇನೋ ಎಂದು. ಸರ್ ಕನ್ನಡಕ ಎತ್ತಿ ನೋಡಿದರು. "ಬಾಮ್ಮಾ. ಆಲ್ಕೋಹಾಲ್ ಬಂದಿದೆ, ಅರಿಶಿನ ನೆನೆ ಹಾಕು," ಎಂದರು. ಆ ಮನುಷ್ಯನಿಗೆ ನಾನು ಇವತ್ತಿಗೂ ಋಣಿ.

ನಮ್ಮ ಕೆಲಸ ಏನೆಂದು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಹಲ್ಲು ತುಂಬುವ ಅಂಟು ತಾನಾಗಿ ಗಟ್ಟಿಯಾಗುವುದಿಲ್ಲ. ಅದರಲ್ಲಿ ಚಿಟಿಕೆಯಷ್ಟು ಬಣ್ಣ ಇರಬೇಕು. ದೀಪ ಹಿಡಿದಾಗ ಆ ಬಣ್ಣ ಬೆಳಕನ್ನು ನುಂಗುತ್ತದೆ, ಸುತ್ತಲಿನ ಅಣುಗಳನ್ನು ಕೆಣಕಿ ಒಂದರ ಕೈ ಇನ್ನೊಂದು ಹಿಡಿಯುವಂತೆ ಮಾಡುತ್ತದೆ. ಹೀಗೆ ಕೈ ಹಿಡಿದು ಹಿಡಿದು ಉದ್ದುದ್ದ ಸರಪಳಿಯಾದಾಗ ಜೇನಿನಂತಿದ್ದದ್ದು ಕಲ್ಲಾಗುತ್ತದೆ. ಲೋಕದಲ್ಲೆಲ್ಲ ಇದಕ್ಕೆ ಬಳಸುತ್ತಿದ್ದದ್ದು ಕರ್ಪೂರದಿಂದ ಹುಟ್ಟಿದ ಒಂದು ಹಳದಿ ಪುಡಿ. ಹೊರದೇಶದಿಂದ ತರಿಸಬೇಕು, ದುಬಾರಿ. ಕರ್ಪೂರ ಆಗುತ್ತದೆ ಅಂದಮೇಲೆ ಅರಿಶಿನ ಯಾಕಾಗಬಾರದು, ಪೂಜೆ ತಟ್ಟೆಯಲ್ಲಿರುವುದನ್ನೆಲ್ಲ ಒಂದೊಂದಾಗಿ ನೋಡೇಬಿಡೋಣ ಎಂದು ಸರ್ ಹೊರಟಿದ್ದರು. ಭಾನುವಾರ ತಪ್ಪದೆ ಚರ್ಚಿಗೆ ಹೋಗುವವರ ಬಾಯಲ್ಲಿ ಈ ಮಾತು ಕೇಳಿ ನಸ್ರೀನ್ ವಾರವಿಡೀ ನಕ್ಕಿದ್ದಳು.

ಬೀಟ್‌ರೂಟ್ ಕೈಕೊಟ್ಟಿತು. ನಸ್ರೀನ್ ರಸೆಲ್ ಮಾರ್ಕೆಟ್ಟಿನಿಂದ ತಂದ ಗೋರಂಟಿ ಅರ್ಧ ಮನಸ್ಸು ಮಾಡಿತು. ಬಂಗಲೆಯ ಅಂಗಳದ ಪಾರಿಜಾತದ ಕೇಸರಿ ತೊಟ್ಟುಗಳನ್ನು ಬಿಡಿಸಿ ಬಿಡಿಸಿ ನೆನೆಹಾಕಿದ್ದೂ ದಂಡವಾಯಿತು. ಅರಿಶಿನ ಮಾತ್ರ ಒಲಿಯಿತು. ಆಲ್ಕೋಹಾಲಿನಲ್ಲಿ ನೆನೆಸಿ, ಸೋಸಿ, ಬತ್ತಿಸಿದರೆ ತಳದಲ್ಲಿ ಕಿತ್ತಳೆ ಬಣ್ಣದ ಹರಳು ಕೂರುತ್ತಿತ್ತು. ಅದರಲ್ಲಿ ಕಣ್ಣಿಗೆ ಕಂಡೂ ಕಾಣದಷ್ಟು ತೆಗೆದು ಅಂಟಿಗೆ ಬೆರೆಸಿ, ನೀಲಿ ದೀಪ ಹಿಡಿದರೆ, ಚಮಚದ ತುದಿಗೆ ಟಕ್ ಎಂದು ಸದ್ದು ಕೊಡುವಷ್ಟು ಗಟ್ಟಿ. ಹೆಚ್ಚು ಹಾಕಿದರೆ ಕೆಟ್ಟಿತು. ಬಣ್ಣವೇ ಬೆಳಕಿಗೆ ಅಡ್ಡ ನಿಂತು, ಮೇಲೆ ಕಲ್ಲು, ಕೆಳಗೆ ಲೋಳೆ. ಇದನ್ನು ನನ್ನ ಆಗಿನ ಸ್ಥಿತಿಗೆ ಹೋಲಿಸಿ ಒಂದು ಪುಟ ಬರೆಯಬಹುದು. ಬರೆಯುವುದಿಲ್ಲ, ಆಗ ನನಗೆ ಹಾಗೇನೂ ಅನ್ನಿಸಿರಲಿಲ್ಲ. ಲೋಳೆಯನ್ನು ಕೆರೆದು ತೆಗೆದು ಇನ್ನೊಂದು ಅಚ್ಚು ತುಂಬುತ್ತಿದ್ದೆ.

ತೊಂದರೆ ಬಂದದ್ದು ಕೈಗಳಿಂದ. ಕೈಗವಸುಗಳನ್ನು ತೊಳೆದು ಒಣಗಿಸಿ ಮತ್ತೆ ಹಾಕಿಕೊಳ್ಳುವ ಕಾಲ ಅದು. ಬೆರಳ ತುದಿ ಹರಿದಿರುತ್ತಿತ್ತು, ಆಲ್ಕೋಹಾಲು ಒಳಗೆ ಇಳಿಯುತ್ತಿತ್ತು. ಸಂಜೆಗೆ ಮಣಿಕಟ್ಟಿನವರೆಗೆ ಹಳದಿ. ಮೊದಲ ವಾರ ನಾನು ಅದನ್ನು ಗಮನಿಸಲೇ ಇಲ್ಲ. ಮನೆಗೆ ಬಂದು ಬಚ್ಚಲಲ್ಲಿ ಸೋಪು ಹಚ್ಚಿದೆ. ಅರಿಶಿನಕ್ಕೆ ಸುಣ್ಣ ತಾಗಿದರೆ ಓಕುಳಿಯಾಗುವುದು ಯಾವ ಹೆಂಗಸಿಗೆ ಗೊತ್ತಿಲ್ಲ. ಸೋಪೂ ಅದೇ ಕೆಲಸ ಮಾಡುತ್ತದೆ. ಆರತಿ ತಟ್ಟೆಯ ನೀರಿನಂಥ ಕೆಂಪು ಬಚ್ಚಲ ತೂತಿನಿಂದ ಹರಿದು ಸಾಲುಮನೆಯ ಮುಂದಿನ ಮೋರಿಗೆ ಸೇರಿತು. ಬಾಡಿಗೆಯ ಹೆಂಗಸರಲ್ಲಿ ಒಬ್ಬಳು, ಯಾರಿಗಮ್ಮ ಆರತಿ ಎತ್ತಿದ್ರಿ ಎಂದು ಅತ್ತೆಯನ್ನು ಕೇಳಿದಳಂತೆ.

ಆ ಸಂಜೆ ಅತ್ತೆ ನನ್ನ ಎರಡೂ ಕೈ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ನಾನು ವಿವರಿಸಿದೆ, ಹಲ್ಲು, ಅಂಟು, ದೀಪ ಎಲ್ಲ. ಅವರಿಗೆ ಅರ್ಥವಾಯಿತು, ದಡ್ಡರಲ್ಲ. ಆದರೆ ಮೋರಿಯಾಚೆಯ ಹೆಂಗಸರಿಗೆಲ್ಲ ಯಾರು ವಿವರಿಸಬೇಕು ಎಂದರು. ನಮ್ಮ ಕಡೆ ಸಾರಿಗೆ ಹಾಕುವ ಅರಿಶಿನಕ್ಕೆ ಯಾವ ಕಟ್ಟೂ ಇಲ್ಲ. ಒಲೆಯ ಮೇಲಿದ್ದರೆ ಅದು ಅಡುಗೆ, ಮೈಮೇಲೆ ಬಂದರೆ ಭಾಗ್ಯ. ಗಂಡ ಹೋಗಿ ಎರಡು ತಿಂಗಳಾಗಿಲ್ಲ, ಅರಿಶಿನ ಹಚ್ಚಿಕೊಂಡು ಎಲ್ಲಿಗೆ ಹೋಗಿಬರುತ್ತಾಳೆ ಎಂಬ ಮಾತು ಹುಟ್ಟಲು ಇಷ್ಟು ಸಾಕಾಗಿತ್ತು.

ಮಾತು ಹುಟ್ಟಿದರೆ ಹಾಳಾಗುವುದು ನನ್ನ ಮಾನವಲ್ಲ, ಮಂಜುಳಳ ಮದುವೆ. ಅವಳಿಗೆ ಮಾಲೂರಿನ ಕಡೆಯ ಗಂಡು ಗೊತ್ತಾಗಿ, ವೀಳ್ಯಶಾಸ್ತ್ರ ಮುಗಿದ ಎರಡು ವಾರಕ್ಕೆ ನಾಗರಾಜು ಹೋಗಿದ್ದರು. ಹೆಣ್ಣಿನ ಕಾಲ್ಗುಣ ನೋಡಿ ಎಂದು ಆ ಕಡೆಯ ಹಿರಿಯರು ಗೊಣಗಿದ್ದರು. ಹುಡುಗನೇ ಹಟ ಹಿಡಿದದ್ದರಿಂದ ಸಂಬಂಧ ಉಳಿದಿತ್ತು. ಸಾವಾದ ಮನೆಯಲ್ಲಿ ವರ್ಷ ತುಂಬುವುದರೊಳಗೆ ಶುಭಕಾರ್ಯ ಆಗಿಬಿಡಬೇಕು, ಇಲ್ಲವೆಂದರೆ ಮೂರು ವರ್ಷ ಕಾಯಬೇಕು. ಹಾಗಾಗಿ ಆಷಾಢ ಕಳೆದೊಡನೆ ಶ್ರಾವಣದ ಮೊದಲ ಮುಹೂರ್ತಕ್ಕೆ ಮದುವೆ ಇಟ್ಟಿದ್ದರು. ಇನ್ನೊಂದು ಅಪಶಕುನದ ಸುದ್ದಿ ಮಾಲೂರಿಗೆ ಮುಟ್ಟಿದರೆ ಹುಡುಗನ ಹಟವೂ ನಿಲ್ಲುವುದಿಲ್ಲವೆಂದು ಅತ್ತೆಗೆ ಗೊತ್ತಿತ್ತು. ಮಂಜುಳಳೋ ಆ ಹುಡುಗನನ್ನು ಬಿಟ್ಟು ಬೇರೆಯವನನ್ನು ಕಣ್ಣೆತ್ತಿ ನೋಡುವವಳಲ್ಲ. ಮೆಲ್ಲನೆಯ ಹುಡುಗಿ, ಅಣ್ಣ ಹೋದಮೇಲೆ ಇನ್ನೂ ಮೆಲ್ಲಗಾಗಿದ್ದಳು.

"ಮದ್ವೆ ಮುಗಿಯೋಗಂಟ ಆ ಹಳ್ದಿ ಕೆಲ್ಸ ಬಿಟ್ಬಿಡು," ಎಂದರು ಅತ್ತೆ.

ಬಿಡಲು ಆಗುವುದಿಲ್ಲ ಎಂದೆ. ಯಾಕೆ ಎಂದು ಅವರೂ ಕೇಳಲಿಲ್ಲ, ನನಗೂ ಗೊತ್ತಿರಲಿಲ್ಲ. ಈಗ ಯೋಚಿಸಿದರೆ, ಬೆಳಿಗ್ಗೆ ಎದ್ದು ಹೋಗಿ ನಿಲ್ಲಲು ಒಂದು ಜಾಗ ಬೇಕಿತ್ತು. ಅಲ್ಲಿ ನಾನು ಸತ್ತವನ ಹೆಂಡತಿಯಲ್ಲ, ಅರಿಶಿನ ಸೋಸುವವಳು. ಬಿಡುವ ಬದಲು ಮಾತು ಕೊಟ್ಟೆ, ಮನೆಯ ಹೊಸ್ತಿಲು ದಾಟುವಾಗ ಕೈ ಬೆಳ್ಳಗಿರುತ್ತದೆ ಎಂದು.

ಮಾತು ಉಳಿಸಿಕೊಳ್ಳುವ ದಾರಿ ಕಠಿಣವೇನಿರಲಿಲ್ಲ. ಅರಿಶಿನದ ಕಲೆ ಬಿಸಿಲಿಗೆ ಹಾರುತ್ತದೆ. ಸೀರೆಗೆ ಸಾರು ಚೆಲ್ಲಿದರೆ ತೊಳೆದು ಬಿಸಿಲಿಗೆ ಹಾಕುತ್ತೇವಲ್ಲ, ಹಾಗೆ. ನಮ್ಮ ಅಂಟಿನಲ್ಲೂ ಅದೇ ಆಗುತ್ತಿತ್ತು. ಬೆಳಕು ನುಂಗಿದ ಬಣ್ಣ ತನ್ನ ಕೆಲಸ ಮುಗಿಸಿ ತಾನೇ ಇಲ್ಲವಾಗುತ್ತ ಬರುತ್ತಿತ್ತು, ಹಳದಿ ಬಿಲ್ಲೆ ತಿಳಿಯಾಗುತ್ತಿತ್ತು. ಹಲ್ಲಿಗೆ ಬೇಕಾದ್ದೂ ಅದೇ ಎಂದು ಸರ್ ಕುಣಿಯುವುದೊಂದು ಬಾಕಿ. ನಾನು ದಿನವೂ ಕೆಲಸ ಮುಗಿಸಿ ಬಂಗಲೆಯ ತಾರಸಿಗೆ ಹೋಗಿ, ಇಳಿಬಿಸಿಲಿಗೆ ಎರಡೂ ಅಂಗೈ ಚಾಚಿಕೊಂಡು ನಿಲ್ಲುತ್ತಿದ್ದೆ. ನಸ್ರೀನ್ ಮೊದಲ ದಿನ ನೋಡಿ, ದುಆ ಕೇಳ್ತಿದೀಯ ಅಂದ್ಕೊಂಡೆ ಕಣೇ, ನನ್ದೂ ಒಂದು ಸೇರಿಸ್ಕೋ ಎಂದಳು. ಆಮೇಲೆ ಅವಳೂ ಬಂದು ನಿಲ್ಲುತ್ತಿದ್ದಳು, ಅವಳ ಕೈ ಹಳದಿಯಾದರೆ ಕೇಳುವವರು ಯಾರೂ ಇರಲಿಲ್ಲ, ಆದರೂ. ಅವಳು ಮಾತಾಡುವಳು, ನಾನು ಸುಮ್ಮನಿರುವೆ. ಆಚೆ ರೈಲು ಹೋಗುವ ಸದ್ದು, ಪಕ್ಕದ ಮನೆಯಲ್ಲಿ ಯಾರೋ ಪಿಯಾನೊ ಕಲಿಯುವ ಸದ್ದು. ಅಂಗೈ ಬೆಚ್ಚಗಾಗುವುದು ಗೊತ್ತಾಗುತ್ತಿತ್ತು. ದಿನದಲ್ಲಿ ಅಷ್ಟೊಂದು ಗೊತ್ತಾದರೆ ನನಗೆ ಸಾಕಾಗಿತ್ತು.

ಏಪ್ರಿಲು, ಮೇ ಹೀಗೆ ದಾಟಿದವು. ಜೂನಿನಲ್ಲಿ ಮೋಡ ಕವಿಯಿತು. ಆ ವರ್ಷ ಬೆಂಗಳೂರಿನ ಮಳೆ ಸುರಿದು ಮುಗಿಸುವ ಜಾತಿಯದ್ದಲ್ಲ, ನೆಗಡಿಯ ಜಾತಿಯದು. ಬೆಳಗಿನಿಂದ ಸಂಜೆಯವರೆಗೆ ಸೋರುವುದು, ನಿಲ್ಲುವುದು, ಮತ್ತೆ ಸೋರುವುದು. ಹಲಸೂರು ಕೆರೆಯ ಮೇಲೆ ಬೂದು ಬಣ್ಣ ಕೂತರೆ ಮೂರು ದಿನ ಏಳುತ್ತಿರಲಿಲ್ಲ. ತಾರಸಿಗೆ ಹೋಗಿ ಕೊಡೆ ಹಿಡಿದು ಕೈ ಚಾಚಿದರೆ ಏನುಪಯೋಗ. ನಾನು ನೀಲಿ ದೀಪಕ್ಕೇ ಕೈ ಹಿಡಿದು ನೋಡಿದೆ. ಅದು ಉಗುರಿನಷ್ಟು ಜಾಗಕ್ಕೆ ಬೀಳುವ ಬೆಳಕು, ಎರಡು ಕೈಗೆ ಆ ದೀಪ ಹಿಡಿಯುತ್ತ ಕೂತರೆ ಬಲ್ಬು ಸುಟ್ಟುಹೋಗುತ್ತದೆಂದು ಸರ್ ಗದರಿದರು. ನಿಂಬೆಹಣ್ಣು ತಿಕ್ಕಿದೆ, ತೆಂಗಿನೆಣ್ಣೆ ಹಚ್ಚಿದೆ. ಬಸ್ಸಿನಲ್ಲಿ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು ಕೂರುತ್ತಿದ್ದೆ, ಸಾಲುಮನೆಯ ಮುಂದೆ ಸೆರಗಿನೊಳಗಿಟ್ಟುಕೊಂಡೇ ನಡೆಯುತ್ತಿದ್ದೆ. ಅತ್ತೆ ಎಲ್ಲವನ್ನೂ ನೋಡುತ್ತಿದ್ದರು. ಬೈದಿದ್ದರೆ ವಾಸಿಯಿತ್ತು.

ಮದುವೆ ಸೋಮವಾರ, ಅರಿಶಿನದ ಶಾಸ್ತ್ರ ಭಾನುವಾರ ಬೆಳಿಗ್ಗೆ. ಅದರ ಹಿಂದಿನ ದಿನವೇ ದಂತ ಸಾಮಗ್ರಿ ಮಾರುವ ವ್ಯಾಪಾರಿಯೊಬ್ಬರು ನಮ್ಮ ಅಂಟು ನೋಡಲು ಬರುವವರಿದ್ದರು. ಬರಬೇಡಿ ಎನ್ನಲು ನಾನು ಯಾರು. ವಾರವಿಡೀ ಅರಿಶಿನ ಸೋಸಿದೆವು. ಶುಕ್ರವಾರ ದೊಡ್ಡ ಜಾಡಿ ಎತ್ತುವಾಗ ಕೈಗವಸು ಹರಿದು, ಗಟ್ಟಿ ಸಾರ ಅಂಗೈಯಿಂದ ಮೊಣಕೈಯವರೆಗೆ ಇಳಿಯಿತು. ನಸ್ರೀನ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದಳು, ಒರೆಸಿದಷ್ಟೂ ಹರಡಿಕೊಂಡಿತು. "ಇದು ಹೋಗಲ್ಲ ಯಾರ್. ಎರಡು ದಿನ ನಮ್ಮನೇಲಿ ಇದ್ಬಿಡು," ಎಂದಳು. ನಾನು ಹೋಗಲಿಲ್ಲ. ಮದುವೆ ಮನೆಯಲ್ಲಿ ನಾನು ಕಾಣದಿದ್ದರೆ ಅದಕ್ಕೊಂದು ಮಾತು ಹುಟ್ಟುತ್ತಿತ್ತು.

ವ್ಯಾಪಾರಿ ಬಂದರು, ಅಚ್ಚಿನಲ್ಲಿ ಗಟ್ಟಿಯಾದ ಹಲ್ಲಿನಾಕಾರವನ್ನು ಬೆರಳಲ್ಲಿ ಹಿಡಿದು ಕಿಟಕಿಯ ಮಬ್ಬು ಬೆಳಕಿಗೆ ನೋಡಿದರು. ಗಟ್ಟಿ ಏನೋ ಇದೆ, ಆದರೆ ಸ್ವಲ್ಪ ಹಳದಿ ಹೊಡೆಯುತ್ತದಲ್ಲ ಎಂದರು. ಬಿಸಿಲಿದ್ದರೆ ಇನ್ನೂ ತಿಳಿಯಾಗುತ್ತದೆ ಎಂದು ಸರ್ ಹೇಳುತ್ತಲೇ ಇದ್ದರು. ತಿಳಿಸುತ್ತೇವೆ ಎಂದು ಹೋದವರು ತಿಳಿಸಲೇ ಇಲ್ಲ. ಮುಂದಿನ ವರ್ಷ ಸರ್ ಬೇರೆ ಕೆಲಸ ಹಿಡಿದರು, ಆಮೇಲೆ ಬಂಗಲೆಯೂ ಹೋಗಿ ಅಪಾರ್ಟ್‌ಮೆಂಟು ಬಂತು. ನಾನು ಬಿ.ಎಡ್. ಮಾಡಿ ಪಾಠ ಹೇಳಲು ಸೇರಿದೆ. ಅರಿಶಿನದ ಅಂಟು ಯಾರ ಬಾಯಿಗೂ ಸೇರಲಿಲ್ಲ.

ಭಾನುವಾರ ಬೆಳಿಗ್ಗೆಯೂ ಮಳೆ. ಅತ್ತೆ ನನ್ನ ಮೊಣಕೈ ನೋಡಿ ಕಣ್ಣು ಮುಚ್ಚಿ ತೆರೆದರು. ತಮ್ಮ ಹಳೆಯ ಉದ್ದ ತೋಳಿನ ರವಿಕೆ ಕೊಟ್ಟರು, ಅಂಗೈಗೆ ಮುಚ್ಚಳವಿಲ್ಲ. ಹಿತ್ತಿಲಲ್ಲಿ ಪಾತ್ರೆ ತಿಕ್ಕುತ್ತ ಕೂತಿರು, ಒಳಗೆ ಬರಲೇಬೇಡ ಎಂದರು. ತಾವೂ ಹಿತ್ತಿಲಲ್ಲೇ ಇದ್ದರು. ಹೆತ್ತ ಮಗಳಿಗೆ ಅರಿಶಿನ ಹಚ್ಚುವ ಹಕ್ಕು ಅವರಿಗೂ ಇರಲಿಲ್ಲವಲ್ಲ. ಅದನ್ನು ನಾನು ಆ ಬೆಳಿಗ್ಗೆಯವರೆಗೆ ಯೋಚಿಸಿಯೇ ಇರಲಿಲ್ಲ. ಇಬ್ಬರೂ ಒಗೆಯುವ ಕಲ್ಲಿನ ಪಕ್ಕ ತಗಡಿನ ಕೆಳಗೆ ಕೂತು ಪಾತ್ರೆ ತಿಕ್ಕಿದೆವು. ಅತ್ತೆ ಒಂದೇ ಕೊಳಗವನ್ನು ಮತ್ತೆ ಮತ್ತೆ ತಿಕ್ಕುತ್ತಿದ್ದರು.

ಗಂಡಿನ ಕಡೆಯಿಂದ ಅರಿಶಿನ ತಂದದ್ದು ಹುಡುಗನ ದೊಡ್ಡಮ್ಮ, ಜೊತೆಗೆ ಇಬ್ಬರು ಸಣ್ಣ ಹುಡುಗಿಯರು. ದೊಡ್ಡಮ್ಮನದು ದಪ್ಪ ಗಾಜಿನ ಕನ್ನಡಕ, ದೊಡ್ಡ ದನಿ. ಇರುವುದು ಎಲ್ಲೋ ದೂರದ ಮಗನ ಮನೆಯಲ್ಲಿ, ಮದುವೆಗೆಂದೇ ಹಿಂದಿನ ದಿನ ಮಾಲೂರಿಗೆ ಬಂದಿಳಿದವರು, ನಮ್ಮ ಮನೆಯ ಸಂಗತಿ ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಶಾಸ್ತ್ರಕ್ಕೆ ಹೆಣ್ಣಿನ ಕಡೆಯ ಐದು ಮಂದಿ ಮುತ್ತೈದೆಯರು ಬೇಕು. ನಾಲ್ವರಿದ್ದರು, ಐದನೆಯವಳು ಮಳೆಯಲ್ಲಿ ಎಲ್ಲೋ ಸಿಕ್ಕಿಕೊಂಡಿದ್ದಳು. ಹೊತ್ತು ಮೀರುತ್ತಿದೆಯೆಂದು ದೊಡ್ಡಮ್ಮ ತಾವೇ ಮನೆ ತುಂಬ ಹುಡುಕುತ್ತ ಹಿತ್ತಿಲಿಗೆ ಬಂದರು. ಆ ಕನ್ನಡಕಕ್ಕೆ ನನ್ನ ಬರಿ ಹಣೆ ಕಾಣಲಿಲ್ಲ, ಬರಿ ಕೊರಳು ಸೆರಗಿನೊಳಗಿತ್ತು. ಕಂಡದ್ದು ಹಳದಿ ಕೈಗಳು.

"ಅಯ್ಯೋ, ಅರಿಶಿನ ಅರ್ದೋಳು ಇಲ್ಲೇ ಅವ್ಳೆ. ಏಳವ್ವ, ನೀನೇ ಮೊದ್ಲು ಹಚ್ಬೇಕು," ಎಂದು ಮಣಿಕಟ್ಟು ಹಿಡಿದರು.

ನಾನು ಅಲ್ಲ ಎನ್ನಬೇಕಿತ್ತು. ಅವರು ಎಳೆದ ಹಾಗೆ ಎದ್ದೆ, ನಡೆದೆ. ಅಡುಗೆಮನೆ ದಾಟಿ ನಡುಮನೆಗೆ ಬಂದೆ. ಮಣೆಯ ಮೇಲೆ ಮಂಜುಳ ಕೂತಿದ್ದಳು. ನಾಲ್ವರು ಮುತ್ತೈದೆಯರು ಅವಳ ಸುತ್ತ, ಎಲ್ಲರೂ ನಮ್ಮವರೇ, ಎಲ್ಲರಿಗೂ ಎಲ್ಲವೂ ಗೊತ್ತು. ಒಬ್ಬಳ ಬಾಯಿ ತೆರೆದುಕೊಂಡಿತ್ತು. ದೊಡ್ಡಮ್ಮ ಅರಿಶಿನದ ಬಟ್ಟಲನ್ನು ನನ್ನ ಕೈಗಿಟ್ಟರು. ತಣ್ಣಗಿತ್ತು, ಭಾರವಾಗಿತ್ತು. ಇದು ಕೊಂಬನ್ನು ಅರೆದ ಅರಿಶಿನ, ಪುಡಿಯದಲ್ಲ ಎಂದು ಮನಸ್ಸು ತನ್ನ ಪಾಡಿಗೆ ತಾನು ಹೇಳಿತು.

ಯಾರೂ ಅಲುಗಾಡದ್ದು ದೊಡ್ಡಮ್ಮನಿಗೆ ವಿಚಿತ್ರವೆನ್ನಿಸಿರಬೇಕು. ಇವಳು ಯಾರ ಹೆಂಡತಿ, ಇವಳ ಯಜಮಾನ ಎಲ್ಲಿ, ಬೆಳಿಗ್ಗೆಯಿಂದ ಗಂಡಸೇ ಕಾಣಲಿಲ್ಲವಲ್ಲ ಎಂದು ಸುತ್ತ ನೋಡಿದರು. ಈಗ ಯಾರಾದರೂ ನಿಜ ಹೇಳಲೇಬೇಕು. ಹೇಳಿದರೆ ಬಟ್ಟಲು ಚೆಲ್ಲಬೇಕು, ಗಂಡಿನ ಮನೆಯ ಅರಿಶಿನ ಮೈಲಿಗೆಯಾಯಿತೆಂದು ಆಕೆ ಎದ್ದು ಹೊರಡುತ್ತಾರೆ, ಸಂಜೆಯೊಳಗೆ ಮಾಲೂರಿಗೆ ಸುದ್ದಿ. ಮಂಜುಳ ಕಣ್ಣು ಮುಚ್ಚಿಕೊಂಡಳು. ಇಷ್ಟೆಲ್ಲ ನನಗೆ ತಿಳಿಯುತ್ತಿತ್ತು, ಬೇರೆ ಯಾರದೋ ಮನೆಯ ಸಂಗತಿಯಂತೆ.

ಅತ್ತೆ ನನ್ನ ಹಿಂದೆಯೇ ಬಂದು ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದರು. ಕೈಯಲ್ಲಿ ಇನ್ನೂ ತೆಂಗಿನ ನಾರು.

"ನನ್ನ ಮಗನ ಹೆಂಡ್ತಿ. ಅವ್ನು ಡ್ಯೂಟಿಗೆ ಹೋಗವ್ನೆ, ರಜ ಸಿಗ್ಲಿಲ್ಲ," ಎಂದರು. "ಸಂಜಿಕೆ ಬತ್ತಾನೆ."

ಬಾಡಿಗೆಯವರಿಗೆ ನಲ್ಲಿ ನೀರು ಎಷ್ಟು ಹೊತ್ತಿಗೆ ಬರುತ್ತದೆಂದು ಹೇಳುವ ದನಿ ಅದು. ಆಮೇಲೆ ನನ್ನ ಕಡೆ ನೋಡಿ, ಹಚ್ಚು ಎಂದು ತಲೆಯಾಡಿಸಿದರು. ಹಚ್ಚಿದೆ. ಮಂಜುಳಳ ಕೆನ್ನೆಗೆ, ಕೈಗೆ, ಪಾದಕ್ಕೆ. ಅವಳ ಕೆನ್ನೆ ಒದ್ದೆಯಾಗಿತ್ತು, ಅರಿಶಿನ ಸರಿಯಾಗಿ ಹಿಡಿಯಲಿಲ್ಲ. ಉಳಿದ ನಾಲ್ವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಬಗ್ಗಿ, ತಮ್ಮ ಸರದಿ ಮುಗಿಸಿದರು. ಅವರಲ್ಲಿ ಒಬ್ಬಳು ಸೋಬಾನೆ ಎತ್ತಿಕೊಂಡಳು. ದನಿ ಮೊದಲು ಒಡೆಯಿತು, ಆಮೇಲೆ ಸರಿಹೋಯಿತು. ಆ ನಾಲ್ವರಲ್ಲಿ ಯಾರೂ ಈ ಮಾತನ್ನು ಮನೆಯಾಚೆ ಒಯ್ಯಲಿಲ್ಲ. ಬೇರೆ ವಿಷಯಗಳಲ್ಲಿ ಅವರ ಬಾಯಿಗೆ ಬೀಗವಿರಲಿಲ್ಲ ಎಂಬುದನ್ನೂ ಹೇಳಬೇಕು. ಮಾರನೆಯ ದಿನದ ಗದ್ದಲದಲ್ಲಿ ದೊಡ್ಡಮ್ಮನೂ ನನ್ನ ಯಜಮಾನರನ್ನು ವಿಚಾರಿಸಲಿಲ್ಲ, ಮದುವೆ ಮುಗಿದೊಡನೆ ಮಗನ ಊರಿಗೆ ಹೋದರು. ವರ್ಷವಾದ ಮೇಲೆ ಮಂಜುಳ ತಾನಾಗಿ ಅತ್ತೆಮನೆಯಲ್ಲಿ ಹೇಳಿದಳಂತೆ, ಅಷ್ಟು ಹೊತ್ತಿಗೆ ಅವಳ ಮಡಿಲಲ್ಲಿ ಕೂಸಿತ್ತು, ದೊಡ್ಡಮ್ಮ ಬಾಯಿಗೆ ಸೆರಗು ಹಿಡಿದು ತುಂಬ ಹೊತ್ತು ಕೂತಿದ್ದರಂತೆ.

ಆ ಬೆಳಿಗ್ಗೆ ಹೊರಡುವಾಗ ದೊಡ್ಡಮ್ಮ ನನ್ನನ್ನು ಕರೆದು, ಮಳೆಗೆ ಅಳಿಸಿಹೋಗಿದೆ ನೋಡು ಎಂದು ತಾವೇ ಹಣೆಗೆ ಕುಂಕುಮ ಇಟ್ಟರು. ನಾನು ಬಗ್ಗಿ ಕಾಲು ಮುಟ್ಟಿದೆ, ಹಿರಿಯರು ಕುಂಕುಮವಿಟ್ಟರೆ ಮುಟ್ಟಬೇಕಲ್ಲ. ನೂರು ಕಾಲ ಮುತ್ತೈದೆಯಾಗಿ ಬಾಳವ್ವ ಎಂದರು. ತಲೆಯ ಮೇಲಿದ್ದ ಅವರ ಅಂಗೈ ಒರಟಾಗಿತ್ತು. ನಾನು ತಲೆ ಎತ್ತಲಿಲ್ಲ.

ಅವರು ಹೋದಮೇಲೆ ಹಿತ್ತಿಲಿಗೆ ಬಂದೆ. ಅತ್ತೆ ನನಗಿಂತ ಮೊದಲೇ ಬಂದು ಪಾತ್ರೆಗಳ ನಡುವೆ ಕೂತಿದ್ದರು. ತಿಕ್ಕುತ್ತಿರಲಿಲ್ಲ. ಬೈಯುತ್ತಾರೆ ಎಂದುಕೊಂಡೆ. ಕುಂಕುಮ ಒರೆಸಿಕೋ ಎನ್ನುತ್ತಾರೆ ಎಂದುಕೊಂಡು ಸೆರಗಿನ ತುದಿ ಹಿಡಿದೆ. ಅವರು ನನ್ನ ಹಣೆಯನ್ನು ನೋಡಿದರು, ಒರೆಸು ಎನ್ನಲಿಲ್ಲ. ತಗಡಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಹೇಳೋವಾಗ ನಿಜ ಅನ್ನಿಸ್ಬಿಡ್ತು ಕಣೇ," ಎಂದರು. "ಸಂಜಿಕೆ ಬಂದೇಬತ್ತಾನೆ ಅನ್ನಿಸ್ತು."

ನನಗೂ ಹಾಗೇ ಅನ್ನಿಸಿತ್ತು. ಅದನ್ನು ಹೇಳಲು ಬಾಯಿ ತೆರೆದೆ. ಮಾತಿನ ಬದಲು ಹೊಟ್ಟೆಯೊಳಗಿಂದ ಏನೋ ಕಿತ್ತುಕೊಂಡು ಮೇಲೆ ಬಂತು, ನನ್ನದೇ ದನಿ ಎಂದು ನನಗೆ ಗುರುತೇ ಸಿಗದ ದನಿ. ಮಾಘದಿಂದ ಶ್ರಾವಣದವರೆಗೆ ಎಲ್ಲಿತ್ತೋ. ನಿಲ್ಲಿಸಲು ಆಗಲಿಲ್ಲ. ಒಳಗೆ ಸೋಬಾನೆ ನಡೆದೇ ಇತ್ತು. ಅತ್ತೆ ನನ್ನ ತಲೆಯನ್ನು ತಮ್ಮ ಎದೆಗೆ ಒತ್ತಿಕೊಂಡು, ಬೂದಿ ಮೆತ್ತಿದ ಕೈಯನ್ನು ನನ್ನ ಬಾಯಿಗೆ ಅಡ್ಡ ಹಿಡಿದರು.

"ಮದ್ವೆ ಮನೆ ಕಣವ್ವ," ಎಂದರು. "ಮೆತ್ತಗೆ ಅಳು."